ಕಣ್ಣು ಬರೆಯುವ ಶುಕ್ರವಾರ

ಬಿದಿರು ಸಿಡಿಯುವುದಕ್ಕೆ ಬೆಂಕಿಯೇ ಬೇಕೆಂದಿಲ್ಲ. ನಮ್ಮ ಓಣಿಯ ಹಿಂದೆ, ತಂತಿ ಬೇಲಿಯ ಆಚೆ, ಕಾಗದದ ಗಿರಣಿಗೆಂದು ಕಾಡಿನಿಂದ ತಂದ ಬಿದಿರನ್ನು ಮನೆಗಿಂತ ಎತ್ತರಕ್ಕೆ ಒಟ್ಟಿರುತ್ತಿದ್ದರು. ಬೇಸಿಗೆಯ ಮಧ್ಯಾಹ್ನ, ಬಿಸಿಲು ಏರಿದ ಮೇಲೆ, ಆ ಒಟ್ಟಲಿನ ಒಳಗೆಲ್ಲೋ ಯಾರೋ ಬೆರಳಿನ ನೆಟಿಗೆ ಮುರಿದ ಹಾಗೆ ‘ಟಪ್’ ಎನ್ನುತ್ತಿತ್ತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಮತ್ತೆ ಒಂದು. ಪ್ರತಿ ಸದ್ದಿಗೂ ನಮ್ಮ ಪಕ್ಕದ ಮನೆಯ ಮುದುಕಿ, ಜೋಳ ಹಸನು ಮಾಡುತ್ತ ಕೂತಲ್ಲಿಂದಲೇ, “ಬಂದ್ಯಾ, ಯಪ್ಪಾ?” ಎಂದು ಕೇಳುತ್ತಿದ್ದಳು. ಯಾರಾದರೂ ಉತ್ತರ ಕೊಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಮೊರದ ಸದ್ದು ನಿಲ್ಲುತ್ತಿತ್ತು. ಆಮೇಲೆ ಮತ್ತೆ ಮೊರ.

ಅವಳನ್ನು ಓಣಿಯವರೆಲ್ಲ ಆಯಿ ಎನ್ನುತ್ತಿದ್ದರು. ಅವಳು ಕೇಳುತ್ತಿದ್ದುದು ತನ್ನ ಮಗನನ್ನು. ಅವನು ಕುಳಗಿಯ ಕಡೆ ಬಿದಿರು ಕಡಿಯುವ ಆಳುಗಳ ಮೇಲೆ ಮುಕಾದಮನಾಗಿದ್ದ. ಹಿಂದಿನ ವರ್ಷದ ದೀಪಾವಳಿ ಮುಗಿದ ಮೇಲೆ, ಹರಕೆಯಿದೆ, ಉಳವಿಗೆ ನಡೆದು ಹೋಗಿ ಬರುತ್ತೇನೆ ಎಂದು ಹೊರಟವನು ತಿರುಗಿ ಬರಲಿಲ್ಲ. ಉಳವಿಯಲ್ಲಿ ಅವನನ್ನು ಕಂಡವರಿಲ್ಲ. ಜೋಯಿಡಾದ ಚಹಾದಂಗಡಿಯಲ್ಲಿ ಕಂಡೆ ಎಂದು ಒಬ್ಬ ಲಾರಿ ಡ್ರೈವರ್ ಹೇಳಿದ. ಹಳಿಯಾಳದ ಸಂತೆಯಲ್ಲಿ ಹಗ್ಗ ಕೊಳ್ಳುತ್ತಿದ್ದ ಎಂದು ಇನ್ನೊಬ್ಬ. ಹುಡುಕಲು ಹೋದ ಓಣಿಯ ಗಂಡಸರು ನಾಲ್ಕು ದಿನ ಕಾಡು ಸುತ್ತಿ, ಮೈತುಂಬ ಉಣ್ಣೆಹುಳ ಹತ್ತಿಸಿಕೊಂಡು ಬಂದರು. ಅಷ್ಟೇ.

ಅವನ ಹೆಂಡತಿಗೆ ಇಪ್ಪತ್ತೆರಡು ಇದ್ದೀತು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಮಕ್ಕಳಿರಲಿಲ್ಲ. ಕುಂಕುಮ, ಬಳೆ, ತಾಳಿ ಎಲ್ಲ ಇದ್ದವು. ಆದರೆ ಅವು ಇರಬೇಕೋ ಬೇಡವೋ ಎಂದು ಇಡೀ ಓಣಿ ಅವಳ ಕೈಯನ್ನೇ ನೋಡುತ್ತಿತ್ತು. ತವರು ಮುಂಡಗೋಡದ ಕಡೆ, ಅತ್ತಿವೇರಿಯ ಆಚೆ. ಅಲ್ಲಿಂದ ಅವಳ ಅಣ್ಣ ಆಗಾಗ ಬಂದು ಹೊಸ್ತಿಲಲ್ಲೇ ಕೂತು, ತಂಗಿಯನ್ನು ಕಳಿಸಿಕೊಡಿ, ಹೆಂಡತಿ ಸತ್ತವನೊಬ್ಬನಿದ್ದಾನೆ, ಉಡಿಕೆ ಮಾಡಿಬಿಡುತ್ತೇವೆ ಎನ್ನುತ್ತಿದ್ದ. ಗಂಡ ಸತ್ತವಳಿಗೆ ಇನ್ನೊಮ್ಮೆ ತಾಳಿ ಕಟ್ಟುವ ಉಡಿಕೆ ಅವರ ಜನದಲ್ಲಿ ತಪ್ಪಲ್ಲ. ಆದರೆ ಇವನು ಸತ್ತಿದ್ದಾನೆ ಎಂದು ಹೇಳುವವರು ಯಾರು? ಆಯಿ ಹೇಳುವವಳಲ್ಲ. ಅವಳು ದಿನವೂ ಮಗನಿಗೊಂದು ತಾಟು ಹಾಕಿ, ಎರಡು ರೊಟ್ಟಿ, ಪಲ್ಯ ಬಡಿಸಿ ಇಡುತ್ತಿದ್ದಳು. ಸಂಜೆಗೆ ಆ ತಣ್ಣನೆಯ ರೊಟ್ಟಿಯನ್ನು ಸೊಸೆ ಉಣ್ಣುತ್ತಿದ್ದಳು.

ಅರವತ್ತರ ದಶಕದ ಮೊದಲ ವರ್ಷಗಳವು. ನನಗೆ ಹದಿನಾಲ್ಕು. ಬೆಳಗಾವಿಯ ಕಾನ್ವೆಂಟಿನಲ್ಲಿ ಬೋರ್ಡಿಂಗ್‌ನಲ್ಲಿದ್ದೆ. ಅಪ್ಪ ಗಿರಣಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಏಪ್ರಿಲ್ ಬಂತೆಂದರೆ ನಾನು ಟ್ರಂಕು ಹೊತ್ತು ದಾಂಡೇಲಿಗೆ ಬರುತ್ತಿದ್ದೆ. ಓಣಿಯ ಹೆಂಗಸರು “ಬಂದ್ಲವಾ ನಮ್ಮ ಮಡ್ಡಮ್ಮ” ಎಂದು ನನ್ನ ಇಂಗ್ಲಿಷಿಗೆ ನಗುತ್ತಿದ್ದರು. ನಮ್ಮದು ತಗಡಿನ ಮನೆಗಳ ಎರಡು ಸಾಲು. ಧಾರವಾಡ, ಬೆಳಗಾವಿ ಕಡೆಯಿಂದ ಗಿರಣಿಗೆಂದು ಬಂದವರೇ ಎಲ್ಲರೂ. ಮನೆಗಳು ಎಷ್ಟು ಒಂದೇ ರೀತಿ ಇದ್ದವೆಂದರೆ, ಒಮ್ಮೆ ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ನಾಲ್ಕು ಮನೆ ಆಚೆ ಹೋಗಿ, ಯಾರದೋ ಹಾಸಿಗೆಯ ಮೇಲೆ ಕೂತು “ಚಹಾ ಇಡು” ಎಂದಿದ್ದರಂತೆ. ಆ ಮನೆಯಾಕೆ ಇಟ್ಟಳಂತೆ ಕೂಡ. ನಗುವ ಮಾತು ಇದು, ನಗಲಾರದ್ದೂ ಇತ್ತು. ಸಣ್ಣ ಮಕ್ಕಳು ಮನೆ ಗುರುತು ಸಿಗದೆ ಅಳುತ್ತ ಬಿದಿರಿನ ಒಟ್ಟಲಿಗೆ ಹೋಗಿಬಿಡುತ್ತಿದ್ದವು. ಒಂದು ಕೂಸು ಆ ಬಿದಿರಿನ ಸಂದಿಯಲ್ಲಿ ಅರ್ಧ ದಿನ ಮಲಗಿತ್ತು. ಎತ್ತಿಕೊಂಡಾಗ ಅದು ಅಳಲಿಲ್ಲ. ಮಾಮಾ ಜೊತೆ ಮಾತಾಡುತ್ತಿದ್ದೆ ಎಂದಿತು. ಯಾವ ಮಾಮಾ ಎಂದು ಯಾರೂ ಕೇಳಲಿಲ್ಲ.

ಮಕ್ಕಳಿಗಾಗಿ ಒಂದು ಖೋಲಿ ಕಟ್ಟೋಣ ಎಂದು ಓಣಿ ಏಳಲು ಅದೇ ಕಾರಣ. ಬ್ಲಾಕಿನಿಂದ ಬರುತ್ತಿದ್ದ ಗ್ರಾಮಸೇವಿಕೆ, ನೀವು ಗೋಡೆ ಎಬ್ಬಿಸಿ, ನಾನು ಬಾಲವಾಡಿ ತರುತ್ತೇನೆ ಎಂದು ಮಾತು ಕೊಟ್ಟಳು. ಪಾಳಿ ಮುಗಿಸಿ ಬಂದ ಗಂಡಸರು ಮಣ್ಣು ತುಳಿದರು, ಹೆಂಗಸರು ಹೊತ್ತರು. ಹಂಚು ಹಳಿಯಾಳದಿಂದ ಬಂತು. ಮಕ್ಕಳನ್ನು ನೋಡಿಕೊಳ್ಳಲು ಯಾರು ಎಂದಾಗ ಗ್ರಾಮಸೇವಿಕೆ ಅಕ್ಕನ ಕಡೆ ಕೈ ತೋರಿಸಿ, “ಈಕಿ ನಾಕನೇತ್ತೆ ಕಲತಾಳ, ಈಕಿನ್ನ ಇಟಗೊಳ್ಳೂಣು” ಎಂದಳು. ಅಕ್ಕ ತಲೆ ಎತ್ತಲಿಲ್ಲ. ಆದರೆ ಆ ದಿನ ಅವಳು ಎಲ್ಲರಿಗಿಂತ ಎರಡು ಬುಟ್ಟಿ ಮಣ್ಣು ಹೆಚ್ಚು ಹೊತ್ತಳೆಂದು ನಮ್ಮ ಅವ್ವ ಹೇಳಿದಳು.

ಇನ್ನು ಗೋಡೆ. ಸುಣ್ಣ ಬಳಿಯಲು ಕರೆಸಿದ ಮುದುಕ ಸುಣ್ಣದವನಾಗಿರಲಿಲ್ಲ. ಅವನ ಮನೆತನ ಊರೂರಿಗೆ ಹೋಗಿ ಕಟ್ಟಿಗೆಯ ದೇವಿಯರಿಗೆ ಬಣ್ಣ ಹಾಕುವ ಚಿತ್ರಗಾರರದು. ದೇವಿಯ ಕೆಲಸ ವರ್ಷಗಟ್ಟಲೆ ಸಿಗದೆ, ದಾಂಡೇಲಿಗೆ ಬಂದು ಲಾರಿಗಳ ಮೇಲೆ ನವಿಲು ಬರೆಯುತ್ತಿದ್ದ. ಎಲ್ಲರೂ ಅವನನ್ನು ಚಿತ್ರಗಾರ ಕಾಕಾ ಎಂದರು. ಸುಣ್ಣ ಒಣಗಿದ ಮೇಲೆ ಅವನು ಉದ್ದ ಗೋಡೆಯ ಮುಂದೆ ಬೀಡಿ ಸೇದುತ್ತ ಬಹಳ ಹೊತ್ತು ನಿಂತು, ನಿಮ್ಮ ಓಣಿಯನ್ನೇ ಇದರ ಮೇಲೆ ಬರೆಯೋಣ ಎಂದ. ಸಾಲಿಗೆ ಸಾಲು, ಮನೆಗೆ ಮನೆ. ಪ್ರತಿ ಮನೆಗೊಂದು ಗುರುತು — ಗಿಳಿ, ದೀಪದ ಸಮೆ, ಬಾವಲಿ ಜೋತ ಗಿಡ, ಜೋಳದ ತೆನೆ. ಮನೆಯ ಮುಂದೆ ಆ ಮನೆಯ ಮಂದಿ. ಅದೇ ಗುರುತನ್ನು ನಿಜವಾದ ಬಾಗಿಲ ಮೇಲೂ ಹಾಕುವುದು. ದಾರಿ ತಪ್ಪಿದ ಮಗು ಗೋಡೆಗೆ ಬಂದು ತನ್ನ ಅವ್ವನನ್ನು ತೋರಿಸಿದರೆ ಸಾಕು, ಯಾವ ಮನೆ ಎಂದು ಯಾರಾದರೂ ಹೇಳಬಹುದು.

ಅವನ ಷರತ್ತು ಎರಡೇ. ಒಂದು: ಬಣ್ಣ ಆಯಾ ಮನೆಯವರೇ ಅರೆಯಬೇಕು, ತಮ್ಮ ಮನೆಯ ಬಣ್ಣ ತಾವೇ ತುಂಬಬೇಕು, ಗೆರೆ ಮಾತ್ರ ಅವನದು. ಎರಡು: ದಿನಕ್ಕೊಂದು ಮನೆಯಲ್ಲಿ ವಾರದ ಊಟ. ತಾನು ಉಣ್ಣುವಾಗ ಪಂಕ್ತಿಯಲ್ಲಿ ಯಾರು ಕೂತಿರುತ್ತಾರೋ ಅವರನ್ನಷ್ಟೇ ಬರೆಯುವುದು. ಎದುರು ಕೂರಿಸಿ ನೋಡಿದರೆ ಮಂದಿ ಸುಳ್ಳು ಮುಖ ಮಾಡುತ್ತಾರೆ, ಉಣ್ಣುವಾಗ ಮಾಡಲಾರರು ಎನ್ನುತ್ತಿದ್ದ. ಹೀಗೆ ಆ ಬೇಸಿಗೆಯಿಡೀ ನಮ್ಮ ಓಣಿಯಲ್ಲಿ ಒರಳುಗಳಲ್ಲಿ ಚಟ್ನಿಯ ಬದಲು ಹುಣಸೆಬೀಜ ಅರೆಯುತ್ತಿದ್ದರು — ಬಣ್ಣಕ್ಕೆ ಅಂಟು ಅದರದೇ. ಮಸಿ, ಕೆಮ್ಮಣ್ಣು, ಅರಿಷಿಣ, ಸುಣ್ಣ. ನಾನು ಕಾನ್ವೆಂಟಿನ ಡ್ರಾಯಿಂಗ್ ಪ್ರೈಜ್ ಆಗಿ ಬಂದ ಪೇಂಟ್ ಬಾಕ್ಸ್ ತಂದು ತೋರಿಸಿದರೆ ಕಾಕಾ ಒಂದು ಬಿಲ್ಲೆಯನ್ನು ಮೂಸಿ ನೋಡಿ, “ಇದು ನೀರಿನ ಬಣ್ಣ, ತಂಗೀ. ಮಳಿಗಾಲ ಕಾಣೂದಿಲ್ಲ” ಎಂದು ಮರಳಿ ಕೊಟ್ಟ. ಗಿಳಿಗಳಿಗೆ ಹಸಿರು ತುಂಬುವ ಕೆಲಸ ಮಾತ್ರ ಕೊಟ್ಟ, ತನ್ನ ಬಣ್ಣದಿಂದ.

ಒಂದು ವಿಷಯದಲ್ಲಿ ಅವನು ಯಾರ ಮಾತೂ ಕೇಳುತ್ತಿರಲಿಲ್ಲ. ಕಣ್ಣು ಕೊನೆಗೆ. ದೇವಿಗೆ ಬಣ್ಣ ಹಾಕುವಾಗ ಮಾಡುವ ಹಾಗೆಯೇ. ಮೈ, ಬಟ್ಟೆ, ಕೈಕಾಲು ಎಲ್ಲ ಬರೆದು, ಮೇಲೆ ರಾಳದ ಎಣ್ಣೆ ಕೊಟ್ಟು ಒಣಗಿಸಿ, ಎಲ್ಲರ ಕಣ್ಣುಗಳನ್ನೂ ಒಂದೇ ದಿನ, ಬಾಲವಾಡಿಯ ಪೂಜೆಯ ಶುಕ್ರವಾರ, ಗೋಡೆಗೆ ಬೆನ್ನು ಹಾಕಿ, ಕನ್ನಡಿಯಲ್ಲಿ ನೋಡುತ್ತ ಬರೆಯುವುದು. ಕಣ್ಣು ತೆರೆದ ಗೊಂಬೆಯ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದು, ಕನ್ನಡಿಯ ಮೇಲೆ ಬೀಳಬೇಕು. ಅಲ್ಲಿಯವರೆಗೆ, ಸುಮಾರು ಮೂರು ವಾರ, ನಮ್ಮೆಲ್ಲರ ಅವ್ವಂದಿರು, ಅಪ್ಪಂದಿರು ಗೋಡೆಯ ಮೇಲೆ ಕಣ್ಣಿಲ್ಲದೆ ನಿಂತಿದ್ದರು. ಸಂಜೆ ನೀರು ತರುವ ಹೆಂಗಸರು ತಮ್ಮ ಚಿತ್ರದ ಮುಂದೆ ಬಂದಾಗ ಹೆಜ್ಜೆ ಬೇಗ ಹಾಕುತ್ತಿದ್ದರು. ನಾನು ಗಿಳಿಗೆ ಬಣ್ಣ ತುಂಬುತ್ತಿದ್ದಾಗಲೆಲ್ಲ, ಪಕ್ಕದಲ್ಲಿದ್ದ ನನ್ನದೇ ಖಾಲಿ ಮುಖ ನನಗಿಂತ ದೊಡ್ಡದಾಗಿ ಕಾಣುತ್ತಿತ್ತು.

ಆಯಿಯ ಮನೆಯ ವಾರ ಬಂದ ದಿನ ಆಯಿ ಪಂಕ್ತಿಯಲ್ಲಿ ಮಗನ ತಾಟನ್ನು ಕಾಕಾನ ಎಡಕ್ಕೆ ಹಾಕಿದಳು. ಅವನು ಆ ಖಾಲಿ ಜಾಗದ ಪಕ್ಕದಲ್ಲಿ ಕೂತು, ತಾಟಿಗೆ ಕೈ ತಾಗದಂತೆ ಸರಿದು ಉಂಡು ಎದ್ದನಂತೆ. ಮರುದಿನ ಆ ಮನೆಯ ಮುಂದೆ ಮೂವರನ್ನು ಬರೆದ. ಆಯಿ, ಸೊಸೆ, ಒಬ್ಬ ಗಂಡಸು.

ಕಾಕಾ ಆ ಗಂಡಸನ್ನು ಒಮ್ಮೆಯೂ ನೋಡಿದವನಲ್ಲ. ಆದರೂ ಅದು ಅವನೇ. ಗಲ್ಲ, ಹಣೆ ಆಯಿಯಿಂದ ಬಂದದ್ದೆನ್ನಬಹುದು, ತಾಯಿಯ ಮುಖದಲ್ಲಿ ಮಗ ಇರುತ್ತಾನೆ. ಆದರೆ ಎಡಗೈ ಮಣಿಕಟ್ಟಿಗೆ ಕೆಂಪು ಅಂಚಿನ ಟವೆಲ್ಲು ಸುತ್ತಿದ್ದ. ಬಿದಿರಿನ ಸಿಬಿರು ತಾಗದಿರಲೆಂದು ಅವನು ಯಾವಾಗಲೂ ಹಾಗೆಯೇ, ಎರಡು ಸುತ್ತು ಸುತ್ತಿ ತುದಿಯನ್ನು ಒಳಗೆ ಸಿಕ್ಕಿಸುತ್ತಿದ್ದ. ಗೋಡೆಯ ಮೇಲೂ ಎರಡೇ ಸುತ್ತು. ಅಕ್ಕ ಒಮ್ಮೆ ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಟವೆಲ್ಲಿನ ವಿಷಯ ನಿನಗೆ ಯಾರು ಹೇಳಿದರೆಂದು ಓಣಿಯ ಹಿರಿಯರೊಬ್ಬರು ಕೇಳಿದರು.

“ಯಾರೂ ಹೇಳಲಿಲ್ಲ,” ಎಂದ ಕಾಕಾ. “ಕಂಡದ್ದನ್ನ ಬರದೇನಿ.”

ಅಂದಿನಿಂದ ಆಯಿ ದಿನದ ಹೆಚ್ಚು ಹೊತ್ತನ್ನು ಗೋಡೆಯ ಮುಂದೆ ಕಳೆಯತೊಡಗಿದಳು. ಮೊರವನ್ನೂ ಅಲ್ಲಿಗೇ ತಂದಳು. ಬಿದಿರು ಟಪ್ ಎಂದರೆ ಈಗ ಬೇಲಿಯ ಕಡೆ ತಿರುಗುತ್ತಿರಲಿಲ್ಲ, ಚಿತ್ರದ ಕಡೆ ತಿರುಗಿ ಕೇಳುತ್ತಿದ್ದಳು, “ಬಂದ್ಯಾ?”

ಬಾಲವಾಡಿಯ ಪೂಜೆಗೆಂದು ಅಕ್ಕನ ಅಣ್ಣನೂ ಬಂದ. ಗೋಡೆಯನ್ನು ನೋಡಿ, ಹಿರಿಯರನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು, ಇವತ್ತು ಇತ್ಯರ್ಥ ಮಾಡಿ ಎಂದು ಹಟ ಹಿಡಿದ. ಅವನ ಮಾತಿನಲ್ಲಿ ನ್ಯಾಯ ಇಲ್ಲದಿರಲಿಲ್ಲ. ಶುಕ್ರವಾರ ಈ ಚಿತ್ರಕ್ಕೆ ಕಣ್ಣು ಬರೆದರೆ, ಇಡೀ ಓಣಿ ಸೇರಿ ಅವನು ಬದುಕಿದ್ದಾನೆಂದು ಹೇಳಿದ ಹಾಗೆ. ನನ್ನ ತಂಗಿ ಹಣ್ಣು ಮುದುಕಿಯಾಗುವ ತನಕ ಇಲ್ಲೇ ಕಾಯಬೇಕು. ಬರೆಯದಿದ್ದರೆ ಅವನು ಹೋದ ಹಾಗೆ. ಪೂಜೆ ಮುಗಿದ ಮೇಲೆ ಅವಳನ್ನು ಕರೆದುಕೊಂಡು ಹೋಗುತ್ತೇನೆ ಎಂದ. ಹಿರಿಯರು ಎಲೆ ಅಡಿಕೆಯ ಚೀಲ ಬಿಚ್ಚಿದರು. ಕಾಕಾ ಮಾತ್ರ, ಬಾಗಿಲ ಹಿಂದೆ ನಿಂತಿದ್ದ ಅಕ್ಕನ ಕಡೆ ತಿರುಗಿದ.

“ಮನಿ ನಿನ್ನದವಾ. ನೀ ಹೇಳು, ಬರೀಲೋ, ಬಿಡಲೋ?”

ಅವಳನ್ನು ಯಾರಾದರೂ ಕೇಳಿದ್ದು ಅದೇ ಮೊದಲಿರಬೇಕು.

“ಶುಕ್ರವಾರ ಹೇಳತೇನ್ರಿ, ಕಾಕಾ,” ಎಂದಳು.

“ಆಕಿ ಏನ ಹೇಳತಾಳ,” ಎಂದು ಅಣ್ಣ ನಕ್ಕ.

ಬುಧವಾರ ಊಟಕ್ಕೆ ಬಂದ ಅಪ್ಪ ಅವ್ವನ ಹತ್ತಿರ ಮಾತಾಡುವುದು ನನಗೆ ಕೇಳಿಸಿತು. ಹಿರಿಯರು ನಿಶ್ಚಯ ಮಾಡಿದ್ದರು: ಕಣ್ಣು ಬೇಡ. ಹರೆಯದ ಹುಡುಗಿಯ ಬಾಳು ಹಾಳಾಗಬಾರದು, ಕಳಿಸಿಬಿಡುವುದು. ಮುದುಕಿಯ ಗತಿ ಏನು ಎಂದು ಅವ್ವ ಕೇಳಿದಳು. ಅಪ್ಪ ಮಜ್ಜಿಗೆ ಕುಡಿದು ಕೈ ತೊಳೆದರು.

ನಾನು ಯೋಚಿಸಿದ್ದು ಆಯಿಯನ್ನಷ್ಟೇ. ಇದನ್ನು ಈಗ ಒಪ್ಪಿಕೊಳ್ಳಬೇಕು. ರಜೆಗೆ ಬಂದಾಗಲೆಲ್ಲ ನನ್ನ ತಲೆ ಸವರಿ ಶೇಂಗಾ ಉಂಡೆ ಕೊಡುತ್ತಿದ್ದ ಆಯಿ, ಶುಕ್ರವಾರ ಎಲ್ಲರಿಗೂ ಕಣ್ಣು ಬಂದು ತನ್ನ ಮಗನಿಗೆ ಮಾತ್ರ ಬಾರದೆ ಹೋಗುವುದನ್ನು ನೋಡಬೇಕೇ? ಇಟ್ ವಾಸ್ ಸಿಂಪ್ಲಿ ನಾಟ್ ಫೇರ್. ಜೊತೆಗೆ ನಮ್ಮ ಡ್ರಾಯಿಂಗ್ ಸಿಸ್ಟರ್ ತಲೆಗೆ ತುಂಬಿದ್ದ ಪಾಠವೊಂದಿತ್ತು: ಅನ್‌ಫಿನಿಶ್ಡ್ ಚಿತ್ರಕ್ಕೆ ಮಾರ್ಕ್ಸ್ ಇಲ್ಲ. ಅರ್ಧ ಬಿಟ್ಟ ಚಿತ್ರ ಕಂಡರೆ ಆಕೆ ಕೆಂಪು ಪೆನ್ಸಿಲಿನಿಂದ ಅದರ ಸುತ್ತ ಗೆರೆ ಎಳೆಯುತ್ತಿದ್ದಳು, ಗಾಯದ ಸುತ್ತ ಡಾಕ್ಟರು ಎಳೆಯುವ ಹಾಗೆ. ಅಕ್ಕನ ನೆನಪು, ಅವಳು ಏನನ್ನು ಬಯಸಿಯಾಳೆಂಬ ಪ್ರಶ್ನೆ, ನನ್ನ ತಲೆಯಲ್ಲಿ ಸುಳಿಯಲೇ ಇಲ್ಲ.

ಎಲ್ಲರೂ ಉಂಡು ಅಡ್ಡಾದ ಹೊತ್ತು. ಓಣಿಯಲ್ಲಿ ನಾಯಿ ಕೂಡ ಇರಲಿಲ್ಲ. ಪೇಂಟ್ ಬಾಕ್ಸು, ಒಂದು ಗಿಂಡಿ ನೀರು ಹಿಡಿದು ಗೋಡೆಯ ಮುಂದೆ ನಿಂತೆ. ಬಿಳಿ ಬಿಸಿಲಿನಲ್ಲಿ ಅಷ್ಟೂ ಮನೆಯ ಮಂದಿ ಕಣ್ಣಿಲ್ಲದೆ ನಿಂತಿದ್ದರು. ಆಯಿ ಮೊರವನ್ನು ಅಲ್ಲೇ ಬಿಟ್ಟು ಮಲಗಲು ಹೋಗಿದ್ದಳು. ಕಪ್ಪು ಬಿಲ್ಲೆ ಮುಗಿದಿತ್ತು. ಕಡು ನೀಲಿ ತೆಗೆದುಕೊಂಡೆ. ಎಣ್ಣೆ ಕುಡಿದ ಗೋಡೆ ನನ್ನ ಬಣ್ಣವನ್ನು ಹಿಡಿಯಲೊಲ್ಲದು, ಹನಿಹನಿಯಾಗಿ ಜಾರುತ್ತಿತ್ತು. ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ಕೂರಿಸಿದೆ. ಎಡಗಣ್ಣು ಮುಗಿಯಿತು. ಕಾಕಾ ಹೇಳಿದ್ದ ಕನ್ನಡಿಯ ಮಾತು ನೆನಪಾದದ್ದು ಆಗ. ನಾನು ಅದರ ಎದುರಿಗೇ ನಿಂತಿದ್ದೆ, ಮುಖಕ್ಕೆ ಮುಖ ಕೊಟ್ಟು, ಗೇಣು ದೂರದಲ್ಲಿ.

ಹಿಂದೆ ಬಿದಿರು ಸಿಡಿಯಿತು. ಟಪ್.

ಯಾರೂ “ಬಂದ್ಯಾ” ಎನ್ನಲಿಲ್ಲ. ಅದೇ ಹೆದರಿಕೆಯಾದದ್ದು. ಪ್ರಶ್ನೆಯಿಲ್ಲದೆ ಆ ಸದ್ದು ನನ್ನ ಬೆನ್ನ ಹಿಂದೆ ಬಂದು ನಿಂತ ಹಾಗಾಯಿತು. ಇನ್ನೊಂದು ಕಣ್ಣನ್ನು ಹಾಗೇ ಬಿಟ್ಟು ಮನೆಗೆ ಓಡಿದೆ. ಗಿಂಡಿಯನ್ನು ಅಲ್ಲೇ ಮರೆತಿದ್ದೆ. ಸಂಜೆ ನೋಡಿದರೆ ಗಿಂಡಿ ನಮ್ಮ ಹೊಸ್ತಿಲ ಮೇಲಿತ್ತು, ತೊಳೆದು ಬೋರಲು ಹಾಕಿತ್ತು. ನನಗೆ ಜ್ವರ ಬಂದಿದೆ ಎಂದು ಅವ್ವನಿಗೆ ಹೇಳಿ ಮುಸುಕೆಳೆದು ಮಲಗಿದೆ. ಗಿಂಡಿ ತಂದಿಟ್ಟವರು ಕಂಡೂ ಹೇಳಲಿಲ್ಲವೋ, ಆಯಿ ಮತ್ತೆ ಗೋಡೆಯ ಕಡೆ ಬರಲಿಲ್ಲವೋ, ಉಳಿದವರಿಗೆ ಕತ್ತಲಲ್ಲಿ ಕಾಣಲಿಲ್ಲವೋ, ಗದ್ದಲವೇನೂ ಆಗಲಿಲ್ಲ.

ಗುರುವಾರ ಬೆಳಗಿನ ಪಾಳಿಯ ಭೋಂಗಾ ಕೂಗಿದ ಮೇಲೆ ಓಣಿಯಲ್ಲಿ ಗದ್ದಲ. ಅವ್ವನ ಹಿಂದೆ ನಾನೂ ಹೋದೆ. ಗೋಡೆಯ ಮುಂದೆ ಮಂದಿ ಎರಡು ಮಾರು ದೂರ ನಿಂತಿದ್ದರು. ಆಯಿ ಮಾತ್ರ ಹತ್ತಿರ, ಚಿತ್ರದ ಪಾದಕ್ಕೆ ನೀರು ಹಾಕುತ್ತಿದ್ದಳು, ದೂರದಿಂದ ಬಂದವರಿಗೆ ಹಾಕುವ ಹಾಗೆ.

ಅವನು ಎರಡೂ ಕಣ್ಣು ತೆರೆದಿದ್ದ.

ನಾನು ಬರೆದದ್ದು ಒಂದು. ಒಂದೇ. ನನ್ನ ಹೆಬ್ಬೆರಳಿನಲ್ಲಿ ನೀಲಿ ಇನ್ನೂ ಇತ್ತು; ಅದನ್ನು ಲಂಗದ ಮಡಿಕೆಯಲ್ಲಿ ಬಚ್ಚಿಟ್ಟೆ. ಅಕ್ಕಪಕ್ಕದವರು ಕಣ್ಣಿಲ್ಲದೆ ನಿಂತಿರುವಾಗ ಆ ಸಾಲಿನಲ್ಲಿ ಅವನೊಬ್ಬನೇ ನೋಡುತ್ತಿದ್ದ. ಯಾರೋ ತಾನಾಗಿ ತೆರೆದವೆಂದರು. ಯಾರೋ ಇಲ್ಲ, ಹಿಂಗೆ ಆಡಬಾರದೆಂದರು. ಅಕ್ಕನ ಅಣ್ಣ ಮುಂದೆ ಬಂದು ನೋಡಿದ, ಎಡಕ್ಕೆ ಸರಿದು ನೋಡಿದ, ಬಲಕ್ಕೆ ಸರಿದು ನೋಡಿದ. ಎಲ್ಲಿ ನಿಂತರೂ ತನ್ನನ್ನೇ ನೋಡುತ್ತಾನೆ ಎಂದು ಗೊಣಗಿ, ಪೂಜೆಗೂ ನಿಲ್ಲದೆ, ಉಣ್ಣದೆ, ಮೊದಲ ಬಸ್ಸಿಗೆ ಮುಂಡಗೋಡಕ್ಕೆ ಹೊರಟುಹೋದ. ಮತ್ತೆ ಅವನು ಉಡಿಕೆಯ ಮಾತು ತೆಗೆಯಲಿಲ್ಲ. ಹಿರಿಯರೂ ತೆಗೆಯಲಿಲ್ಲ. ಕಣ್ಣು ತೆರೆದವನನ್ನು ಸತ್ತವನೆನ್ನಲು ಯಾರಿಗೆ ಬಾಯಿ ಬಂದೀತು?

ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಕಂಕುಳಲ್ಲಿ ಕೊಡ. ಅವಳ ಮುಖದಲ್ಲಿ ನನಗೇನೂ ಓದಲಾಗಲಿಲ್ಲ.

ಶುಕ್ರವಾರ ಕಾಕಾ ಗೋಡೆಗೆ ಬೆನ್ನು ಹಾಕಿ, ಕನ್ನಡಿ ನೋಡುತ್ತ, ಒಬ್ಬೊಬ್ಬರಿಗೇ ಕಣ್ಣು ಕೊಡುತ್ತ ಬಂದ. ಆಯಿಯ ಮನೆಯ ಮುಂದೆ ಬಂದಾಗ ಆಯಿಗೆ, ಸೊಸೆಗೆ ಬರೆದ. ಆ ಗಂಡಸಿನ ಮುಂದೆ ಕುಂಚ ಎತ್ತಲಿಲ್ಲ. ಬೆರಳಿನಿಂದ ಎರಡೂ ಕಣ್ಣನ್ನು ಮೆಲ್ಲಗೆ ಮುಟ್ಟಿ, ಬೆರಳನ್ನು ಮೂಸಿದ. ಅಷ್ಟು ಮಂದಿಯಲ್ಲಿ ನನ್ನನ್ನೇ ಕರೆದು ಕೈಗೆ ಕನ್ನಡಿ ಕೊಟ್ಟ. “ಹಿಡಿ, ತಂಗೀ. ಕಣ್ಣ ಬರದವರು ನೋಡಬೇಕು,” ಎಂದ, ನನಗಷ್ಟೇ ಕೇಳುವಂತೆ.

ಕನ್ನಡಿಯಲ್ಲಿ ಕಂಡಿತು. ಒಂದು ಕಣ್ಣು ನೀಲಿ, ನನ್ನ ಸಿಸ್ಟರ್ ಕಲಿಸಿದ ಬಾದಾಮಿ ಆಕಾರದ್ದು. ಇನ್ನೊಂದು ಕಪ್ಪಗೆ, ಒದ್ದೆಯಾಗಿ ಮಿನುಗುತ್ತಿತ್ತು, ಕುಂಚದ ಗುರುತಿಲ್ಲದ್ದು. ಅವೆರಡೂ ಬೇರೆ ಬೇರೆ ಮನುಷ್ಯರ ಕಣ್ಣುಗಳ ಹಾಗಿದ್ದವು.

ಜೂನಿನಲ್ಲಿ ನಾನು ಕಾನ್ವೆಂಟಿಗೆ ಮರಳಿದೆ. ಶನಿವಾರ ಕ್ಯಾಥೊಲಿಕ್ ಹುಡುಗಿಯರು ಸಾಲಾಗಿ ಕನ್ಫೆಷನ್‌ಗೆ ಹೋಗಿ ಹಗುರಾಗಿ ಹೊರಬರುತ್ತಿದ್ದುದನ್ನು ನೋಡುತ್ತಿದ್ದೆ. ನನಗೆ ಮೊಣಕಾಲೂರಲು ಅಂಥ ಪೆಟ್ಟಿಗೆ ಇರಲಿಲ್ಲ. ಆಯಿಗೆ ಉಪಕಾರ ಮಾಡಲು ಹೋಗಿ, ಇಪ್ಪತ್ತೆರಡರ ಅಕ್ಕನನ್ನು ಸತ್ತವನಿಗೆ ಕಟ್ಟಿಹಾಕಿದೆ ಎಂಬುದು ಅಲ್ಲಿ, ಡಾರ್ಮಿಟರಿಯ ಸೊಳ್ಳೆಪರದೆಯೊಳಗೆ, ನನಗೆ ತಿಳಿಯಿತು. ಮುಂದಿನ ರಜೆಗೆ ಹೋದಾಗ ಮಳೆಯ ಇರಚಲು ನನ್ನ ನೀಲಿಯನ್ನು ತೊಳೆದುಹಾಕಿತ್ತು. ಕಪ್ಪು ಕಣ್ಣು ಹಾಗೇ ಇತ್ತು. ಅವನು ಒಂದೇ ಕಣ್ಣಿನಿಂದ ನೋಡುತ್ತಿದ್ದ.

ಗೋಡೆ ಮಾತ್ರ ಓಣಿಗೆ ಒಗ್ಗಿಹೋಗಿತ್ತು. ಮಕ್ಕಳು ಕಳೆಯುವುದು ನಿಂತಿತು. ಪೋಸ್ಟ್‌ಮನ್ ಕೂಡ ಮೊದಲು ಗೋಡೆ ನೋಡಿ ಆಮೇಲೆ ಮನೆ ಹುಡುಕುತ್ತಿದ್ದ. ಕೂಸು ಹುಟ್ಟಿದರೆ ಕಾಕಾ ಬಂದು ಉಂಡು ಬರೆದುಹೋಗುತ್ತಿದ್ದ. ಯಾರೂ ಹೇಳಿಕೊಡದೆ ಒಂದು ಪದ್ಧತಿಯೂ ಬಂತು: ಮನೆಯಲ್ಲಿ ಯಾರಾದರೂ ತೀರಿಕೊಂಡರೆ, ಹನ್ನೊಂದನೆಯ ದಿನ ಅವರ ಚಿತ್ರದ ಕಣ್ಣಿಗೆ ಸುಣ್ಣದ ಚುಕ್ಕೆ. ಮೈ ಅಳಿಸುತ್ತಿರಲಿಲ್ಲ. ವರ್ಷ ಕಳೆದಂತೆ ಸಾಲಿನಲ್ಲಿ ಬಿಳಿ ಕಣ್ಣಿನವರು ಹೆಚ್ಚಾದರು, ತಮ್ಮ ತಮ್ಮ ಬಾಗಿಲಲ್ಲಿ ನಿಂತೇ ಇದ್ದರು.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ನನ್ನ ಮದುವೆ ಗೊತ್ತಾಗಿ, ಮುಂಬಯಿಗೆ ಹೊರಡುವವಳಿದ್ದೆ. ಅಪ್ಪ ಅವ್ವ ಆಗಲೇ ಧಾರವಾಡಕ್ಕೆ ಹೋಗಿ ನೆಲೆಸಿದ್ದರು. ಹೇಳದೆ ಹೋದರೆ ಈ ಭಾರ ನನ್ನೊಂದಿಗೇ ಬರುತ್ತದೆಂದು ಒಬ್ಬಳೇ ಬಸ್ಸು ಹತ್ತಿ ದಾಂಡೇಲಿಗೆ ಬಂದೆ. ಮಧ್ಯಾಹ್ನವಾಗಿತ್ತು. ಬಾಲವಾಡಿಯಲ್ಲಿ ಮಕ್ಕಳು ಚಾಪೆಯ ಮೇಲೆ ಮಲಗಿದ್ದವು. ಅಕ್ಕ ನಡುವೆ ಕೂತು ಒಂದರ ಬೆನ್ನು ತಟ್ಟುತ್ತಿದ್ದಳು. ಗಟ್ಟಿಯಾಗಿದ್ದಳು, ಕನ್ನಡಕ ಬಂದಿತ್ತು. ಮಕ್ಕಳು ಅವಳನ್ನು, ಶಾಲೆಯ ಟೀಚರನ್ನು ಕರೆಯುವ ಹಾಗೆ, ಬಾಯಾರೆ ಎನ್ನುತ್ತಿದ್ದವಂತೆ. ಆಯಿ ಹೋಗಿ ಎರಡು ವರ್ಷವಾಗಿತ್ತು. ಗೋಡೆಯಲ್ಲಿ ಅವಳ ಕಣ್ಣು ಬೆಳ್ಳಗಿದ್ದುದನ್ನು ಬರುವಾಗಲೇ ನೋಡಿದ್ದೆ.

ಕುಳಿತು, ನೀರು ಕುಡಿದು, ಹೇಳಿಬಿಟ್ಟೆ. ಆ ಕಣ್ಣು ಬರೆದದ್ದು ನಾನು, ನಿನ್ನ ಬಾಳು ಕೆಡಿಸಿದವಳು ನಾನು ಎಂದೆ.

“ಒಂದ,” ಎಂದಳು ಅಕ್ಕ, ಮಗು ಏಳದಂತೆ ಸಣ್ಣ ಧ್ವನಿಯಲ್ಲಿ. “ನೀ ಬರದದ್ದು ಒಂದ. ಅಂಥಾ ನೀಲಿ ಓಣ್ಯಾಗ ಮತ್ಯಾರ ಕಡೆ ಇತ್ತು? ಗಿಂಡಿ ತೊಳದು ತಂದಿಟ್ಟಾಕಿನೂ ನಾನ.”

ಆಮೇಲೆ ಅವಳು ಹೇಳಿದ್ದನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಗಂಡ ಹೋದ ತಿಂಗಳೊಳಗೇ, ಬೆಣ್ಣೆ ಮಾರಲು ಬರುತ್ತಿದ್ದ ಗೌಳಿಗರ ಹೆಂಗಸೊಬ್ಬಳು ಆ ಟವೆಲ್ಲನ್ನು ಅವಳಿಗೆ ತಂದುಕೊಟ್ಟಿದ್ದಳು. ಜೋಯಿಡಾದ ಕಾಡಿನೊಳಗೆ ಹೊಳೆಯ ದಂಡೆಯಲ್ಲಿ ಸಿಕ್ಕಿತಂತೆ. ಆಕೆ ಇನ್ನೂ ಏನೋ ಹೇಳಲು ಬಾಯಿ ತೆರೆದಾಗ, ಅಕ್ಕ ಬೆಣ್ಣೆಯ ಗಡಿಗೆಯತ್ತ ತಿರುಗಿ, ಬೆಣ್ಣೆ ಹುಳಿಯಾಗಿದೆಯಲ್ಲ ಎಂದಳಂತೆ. ಟವೆಲ್ಲನ್ನು ಜೋಳದ ಚೀಲದ ತಳದಲ್ಲಿ ಇಟ್ಟಳು. ಯಾರೂ ಇಲ್ಲದಾಗ ಹಿತ್ತಲಲ್ಲಿ ಕೂತು ತನ್ನ ಮಣಿಕಟ್ಟಿಗೆ ಸುತ್ತಿಕೊಳ್ಳುತ್ತಿದ್ದಳು, ಎರಡು ಸುತ್ತು. ವಾರದ ಊಟಕ್ಕೆ ಬೇಗ ಬಂದ ಕಾಕಾ ಕಂಡದ್ದು ಅದನ್ನೇ.

“ಅದನ್ನ ತೋರಸಿದ್ರ ಅವ ಸತ್ತಂಗ,” ಎಂದಳು. “ಅವ ಸತ್ರ ನಾ ಅಣ್ಣನ ಕೈಯಾಗ. ಅಣ್ಣ ಹುಡಕಿದ್ದ ಗಂಡನ್ನ ಒಂದ ಸಲಾ ನೋಡಿದ್ದೆ, ತಂಗೀ. ಎತ್ತಿಗೆ ಹೊಡಿಯೂ ಬಾರಕೋಲು ಮನಿಯೊಳಗೂ ಕೈಯಾಗ ಇತ್ತು. ಇಲ್ಲಿ ನನಗೊಂದು ಖೋಲಿ ಆಗತಿತ್ತು, ಮಕ್ಕಳು ಬರತಿದ್ವು. ಸಂಜಿಗೆ ಗಿಂಡಿ ತರೂಮುಂದ ನೋಡಿದೆ. ನೀ ಅರ್ಧಾ ಕೆಲಸ ಮಾಡಿಟ್ಟಿದ್ದಿ. ಮುಂಜಾನೆ ನೀರಿಗೆ ಹೋಗೂಮುಂದ ನನ್ನ ಕಣ್ಣಾಗಿನ ಕಾಡಿಗಿ ತಗದು ಉಳದದ್ದು ನಾ ಮಾಡಿದೆ.”

ಹರಳೆಣ್ಣೆಯ ಕಾಡಿಗೆ. ಅದಕ್ಕೇ ಮಳೆಗೆ ಜಗ್ಗಲಿಲ್ಲ. ನನ್ನ ಎದೆಯ ಮೇಲಿನ ಕಲ್ಲು ಸರಿಯಿತು; ಅದರ ಕೆಳಗೆ ಏನೋ ತಣ್ಣಗೆ ಹರಿಯಿತು. ಐದಾರು ವರ್ಷ, ಅವನಿಲ್ಲವೆಂದು ತಿಳಿದೂ, ಆಯಿ ದಿನವೂ ಬಡಿಸಿಟ್ಟ ರೊಟ್ಟಿಯನ್ನು ಇವಳು ಉಂಡಿದ್ದಳು. ಆಯಿ ಸಾಯುವ ತನಕ ಕೇಳುತ್ತಿದ್ದಳೇ ಎಂದೆ. ಕೇಳುತ್ತಿದ್ದಳು, ಎಂದಳು. ಹಾಗಾದರೆ ಈಗಲಾದರೂ ಅವನ ಕಣ್ಣಿಗೆ ಸುಣ್ಣ ಹಚ್ಚಬಾರದೇ, ಇನ್ನು ನಿನ್ನನ್ನು ಯಾರು ಎಲ್ಲಿಗೆ ಕರೆದೊಯ್ಯುತ್ತಾರೆ ಎಂದೆ.

“ಹಚ್ಚಿದೆ. ಮೂರ ಸಲಾ,” ಎಂದಳು. “ಕಾಡಿಗಿ ಎಣ್ಣಿ ಮ್ಯಾಲ ಸುಣ್ಣ ನಿಂದ್ರೂದಿಲ್ಲ.”

ಬಸ್ಸಿನ ಹೊತ್ತಾಗಿತ್ತು. ಕುಂಕುಮ ಹಚ್ಚಿ, ಉಡಿಯಲ್ಲಿ ಅಕ್ಕಿ ಹಾಕಿ, ಮುಂಬಯಿಯಲ್ಲಿ ಮನೆ ಗುರುತು ಇಟ್ಟುಕೋ ಎಂದು ನಕ್ಕಳು. ನಾನು ಅಂಗಳಕ್ಕಿಳಿದು ಚಪ್ಪಲಿ ಮೆಟ್ಟುತ್ತಿದ್ದಾಗ, ಬೇಲಿಯ ಆಚೆ ಬಿದಿರು ಸಿಡಿಯಿತು. ಟಪ್.

“ಬಂದ್ಯಾ?”

ತಿರುಗಿ ನೋಡಿದೆ. ಬಾಗಿಲೊಳಗೆ, ಮಲಗಿದ ಮಕ್ಕಳ ನಡುವೆ, ಅಕ್ಕ ಕೂತಿದ್ದಳು. ತಾನು ಕೇಳಿದ್ದು ಅವಳಿಗೇ ತಿಳಿದಿರಲಿಲ್ಲವೆಂದು ಕಾಣುತ್ತದೆ. ಮಗುವಿನ ಬೆನ್ನು ತಟ್ಟುತ್ತಿದ್ದ ಕೈ ಗಾಳಿಯಲ್ಲೇ ನಿಂತಿತ್ತು, ಯಾರಾದರೂ ಉತ್ತರ ಕೊಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ನಾನೂ ನಿಂತೆ. ಆಮೇಲೆ ಕೈ ಮತ್ತೆ ಮಗುವಿನ ಬೆನ್ನಿಗೆ ಇಳಿಯಿತು, ನಾನು ಓಣಿಯ ತಿರುವು ದಾಟಿದೆ. ಅವಳನ್ನು ನಾನು ನೋಡಿದ್ದು ಅದೇ ಕೊನೆ.